ತೆಳು ತಗಡು

ಲಾರಿ ಬಾಗಿಲಿನ ತೆಳು ತಗಡಿಗೆ ಅಣ್ಣ ವೆಲ್ಡಿಂಗ್ ಕಡ್ಡಿ ತಾಗಿಸಿದ್ದೇ ತಡ, ಅಂಗಿಗುಂಡಿಯಷ್ಟು ತೂತು ಬಿತ್ತು. ಮುಚ್ಚಲು ಹೋದಷ್ಟೂ ತೂತು ಬಾಯಿ ಬಿಡುತ್ತಾ ಅಂಗೈಯಗಲ ಆಯಿತು. ಹೊಲಿಗೆ ಅಂಗಡಿ ಮುಚ್ಚಿ, ಐವತ್ತು ದಾಟಿದ ಮೇಲೆ ತಮ್ಮನ ಶೆಡ್ಡಿಗೆ ಕೆಲಸ ಕಲಿಯಲು ಬಂದವನ ಕೈಯಲ್ಲಿ ಹೀಗೆ ಹಾಳಾದ ಮೂರನೇ ಬಾಗಿಲು ಇದು.

ಅಣ್ಣ ಕಪ್ಪು ಗಾಜಿನ ಮುಖವಾಡ ಎತ್ತಿ ಬೈಗುಳಕ್ಕೆ ಕಾದ. "ಎಳೀಬೇಡ, ಚುಕ್ಕೆ ಇಟ್ಟು ಆರೋಕೆ ಬಿಡು! ಇದೇನು ಅಂಗಿ ತೋಳಾ, ಒಂದೇ ಸಮ ಹೊಲಿಯೋಕೆ?" ಎಂದು ತಮ್ಮ ಮೂರು ವಾರದಿಂದ ದಿನವೂ ರೇಗುತ್ತಿದ್ದ. ಅವನು ರೇಗಿದಷ್ಟೂ ಅಣ್ಣನಿಗೆ ಒಳಗೊಳಗೇ ಧೈರ್ಯ. ಕಲಿಯುವವನನ್ನಲ್ಲವೇ ಬೈಯುವುದು?

ತಮ್ಮ ತೂತನ್ನೇ ನೋಡುತ್ತಾ ನಿಂತ. ಆಮೇಲೆ ಅಣ್ಣನ ಕೈಯಿಂದ ಕಡ್ಡಿ ಸಿಕ್ಕಿಸಿದ ಹೋಲ್ಡರನ್ನು ಮೆಲ್ಲಗೆ ಬಿಡಿಸಿಕೊಂಡ.

"ಕೈಗೇನೂ ಆಗ್ಲಿಲ್ವಲ್ಲ, ಅಣ್ಣ?"

"ಇಲ್ಲಪ್ಪ. ಇನ್ನೊಂದ್ಸಲ ನೋಡ್ತೀನಿ, ಕೊಡು."

"ಬೇಡ ಬಿಡು. ನೆರಳಲ್ಲಿ ಕೂತ್ಕೊಂಡು ಫೋನ್ ಬಂದ್ರೆ ಮಾತಾಡು, ಸಾಕು." ತಮ್ಮ ಸ್ಟೂಲು ಎಳೆದು, ತನ್ನ ಹೆಗಲ ಬಟ್ಟೆಯಿಂದಲೇ ಅದರ ಧೂಳು ಒರೆಸಿದ.

ಅಣ್ಣ ಕೂರಲಿಲ್ಲ. "ಒಂದ್ಸಲ ಬೈಯೋ," ಎಂದ.

ತಮ್ಮ ತನ್ನ ಮುಖವಾಡ ಇಳಿಸಿಕೊಂಡು ಲಾರಿ ಬಾಗಿಲ ಕಡೆ ತಿರುಗಿದ.