ತಿರುಗದ ತಲೆ

ಕಿವಿಯೊಳಗೆ ಐಸಿನ ನೀರು ಇಳಿದರೂ ಗುಲಾಬಿ ಅಲುಗಾಡಲಿಲ್ಲ. ನಡೆಯುವಾಗ ಅವಳು ಬೀಳುವುದೇಕೆಂದು ತಿಳಿಯುವ ಪರೀಕ್ಷೆ ಅದು; ತಲೆ ಗಿರ್ರನೆ ತಿರುಗುತ್ತದೆ, ವಾಂತಿಯೂ ಬರಬಹುದು ಎಂದು ಮಣಿಪಾಲದ ಡಾಕ್ಟರು ಮೊದಲೇ ಹೇಳಿದ್ದರು. ಎರಡೂ ಕಿವಿಗೆ ಹೊಯ್ದಾಯಿತು, ಏನೂ ಆಗಲಿಲ್ಲ. “ಗೆದ್ದೆನಲ್ಲ ಡಾಕ್ಟ್ರೆ! ನಾಳೆಯಿಂದ ಕಾಪುವಿನಲ್ಲಿ ಮೀನಿನ ಬುಟ್ಟಿ ಹೊರಬಹುದು, ಅಲ್ವಾ?”

ಡಾಕ್ಟರು ನಗಲಿಲ್ಲ. “ತಲೆ ತಿರುಗಬೇಕಿತ್ತು ಮಾರಾಯ್ತಿ. ಕ್ಷಯಕ್ಕೆ ಚುಚ್ಚಿದ ಮದ್ದು ನಿನ್ನ ಜೀವ ಉಳಿಸಿತು, ಆದರೆ ಕಿವಿಯೊಳಗೆ ಮೈಯ ಸಮತೋಲ ಕಾಯುವ ಭಾಗವನ್ನು ಕೊಂದಿತು. ನೀನು ಬೀಳುವುದು ಅದಕ್ಕೇ. ಅದು ಮತ್ತೆ ಬರುವುದಿಲ್ಲ. ಇನ್ನು ನಿನಗೆ ಕಣ್ಣೇ ಆಧಾರ.”

ಗುಲಾಬಿ ಸೊಂಟಕ್ಕೆ ಸಿಕ್ಕಿಸಿದ್ದ, ಬುಟ್ಟಿ ಹೊರುವ ಸಿಂಬೆಯನ್ನು ತೆಗೆದು ತಲೆಗಿಟ್ಟುಕೊಂಡಳು.

“ಕಣ್ಣು ಉಂಟಲ್ಲ, ಸಾಕು. ಕಿವಿಗೆ ಹೊಯ್ದು ಉಳಿದ ಆ ನೀರಿನ ಬೋಗುಣಿ ಎತ್ತಿ ಕೊಡಿ.”

“ಬಿದ್ದರೆ ಎಂತ ಮಾಡುವುದು?”

“ಬಿದ್ದರೆ ನೀರಷ್ಟೇ ಅಲ್ವಾ, ಮೀನಲ್ಲವಲ್ಲ!”

ಡಾಕ್ಟರೇ ಎತ್ತಿಟ್ಟರು. ಬಾಗಿಲ ಚಿಲಕದಲ್ಲಿ ನೆಟ್ಟ ಕಣ್ಣು ಕೀಳದೆ ಗುಲಾಬಿ ಹೆಜ್ಜೆಯಿಟ್ಟಳು. ಎರಡು ಸಲ ವಾಲಿದಳು, ತಣ್ಣನೆಯ ನೀರು ಹೆಗಲ ಮೇಲೆ ಚೆಲ್ಲಿತು. ನಿಲ್ಲಲಿಲ್ಲ. ಚಿಲಕ ಕೈಗೆ ಸಿಕ್ಕಿದ ಮೇಲೆ ಮೆಲ್ಲನೆ ತಿರುಗಿ, “ಚೆಲ್ಲಿದ್ದಷ್ಟು ತುಂಬಿಸಿ ಡಾಕ್ಟ್ರೆ, ಇನ್ನೊಮ್ಮೆ ನಡೆಯುತ್ತೇನೆ” ಎಂದಳು.