ಮೊದಲು ಕೇಳಬೇಕು

"ಕೈ ಹಿಂದಕ್ಕ ತಗಾ ಚಂದನಾ!" ಗೀತಾಂಜಲಿ ಮೇಡಂ ಕೂಗಿದಾಗ ಚಂದನಾ ಉಪ್ಪಿಟ್ಟಿನ ಚಮಚವನ್ನು ಕಲ್ಯಾಣಮ್ಮನವರ ಬಾಯಿಗೆ ಹಿಡಿದಿದ್ದಳು.

ಕೊಟ್ಟೂರಿನ ನರ್ಸಿಂಗ್ ಕಾಲೇಜಿನಿಂದ ಚಂದನಾ ಜಪಾನಿನ ವೃದ್ಧಾಶ್ರಮವೊಂದಕ್ಕೆ ಇಂಟರ್ನ್‌ಶಿಪ್‌ಗೆ ಹೋಗುವವಳಿದ್ದಳು. ಅಲ್ಲಿಯ ರೀತಿ ರೂಢಿಯಾಗಲೆಂದು ಗೀತಾಂಜಲಿ ತಮ್ಮ ಅತ್ತೆಯನ್ನೇ ಕಾಲೇಜಿಗೆ ಕರೆತಂದು ಜಪಾನಿನ ಅಜ್ಜಿಯಾಗಿ ಕೂರಿಸಿದ್ದರು. ಪಾರ್ಶ್ವವಾಯು ಬಡಿದ ಮೇಲೆ ಕಲ್ಯಾಣಮ್ಮನವರ ಬಲಗೈಯಲ್ಲಿ ಕಸುವಿರಲಿಲ್ಲ.

"ಅಜ್ಜಿಗೆ ಕೈ ಎತ್ತಾಕಾಗಲ್ರಿ ಮೇಡಂ. ನಾನು ಉಣಿಸಿದ್ರ ತಪ್ಪೇನ್ರಿ?"

"ಅಲ್ಲಿ ತಪ್ಪವ್ವಾ. ಅವ್ರ ಕೈಲಾಗೋದನ್ನ ನಾವು ಮಾಡಿದ್ರ ‘ನಿಮ್ಮಿಂದ ಆಗಂಗಿಲ್ಲ’ ಅಂದಂಗ. ಮೊದ್ಲು ಕೇಳ್ಬೇಕು, ಆಮ್ಯಾಲೆ ಕಾಯಬೇಕು. ಇದು ಬರದಿದ್ರ ನಿನ್ನ ಕಳಿಸಾಕ ಆಗಂಗಿಲ್ಲ ನೋಡು."

ಚಂದನಾಳ ಮುಖ ಸಣ್ಣದಾಯಿತು. ಕುರಿ ಸಾಕುವ ಅವಳ ಮನೆತನದಲ್ಲಿ ವಿಮಾನ ಹತ್ತುವವಳು ಇವಳೇ ಮೊದಲು. "ಸುಮ್ನ ನೋಡ್ಕಂತ ಕುಂದ್ರೋದಕ್ಕ ಸೇವಾ ಅಂತಾರೇನ್ರಿ?" ಎಂದು ಗೊಣಗಿದರೂ, ಮಂಡಿಯೂರಿ ಕುಳಿತು ಕೇಳಿದಳು: "ಕಲ್ಯಾಣಮ್ಮನೋರ, ನೀವಾ ತಿಂತೀರೋ, ನಾನು ಉಣಿಸ್ಲೋ?"

ಕಲ್ಯಾಣಮ್ಮ ಎಡಗೈ ಚಾಚಿ ಚಮಚ ಇಸಿದುಕೊಂಡರು. ಮೊದಲ ತುತ್ತು ಮಡಿಲಿಗೆ ಬಿತ್ತು. ಚಂದನಾಳ ಕೈ ತಾನಾಗಿ ಮುಂದೆ ಹೋಯಿತು; ಹಲ್ಲು ಕಚ್ಚಿ ತಡೆದುಕೊಂಡಳು. ಮುಂದಿನದರಲ್ಲಿ ಅರ್ಧ ಬಾಯಿಗೆ ಸೇರಿತು, ಅರ್ಧ ಗಲ್ಲಕ್ಕೆ ಮೆತ್ತಿತು. ಈಗ ತಡೆಯಲಾಗದ್ದು ಗೀತಾಂಜಲಿಗೆ. ಒರೆಸಲೆಂದು ಸೆರಗು ಹಿಡಿದು ಧಾವಿಸಿದರು.

"ನೀನು ಸುಮ್ನಿರವ್ವಾ," ಎಂದರು ಅತ್ತೆ.

ಗೀತಾಂಜಲಿ ನಿಂತಲ್ಲೇ ನಿಂತರು. ಅತ್ತೆಗೆ ಪಾರ್ಶ್ವವಾಯು ಬಡಿದಾಗಿನಿಂದ ಉಣಿಸುವುದು, ತಲೆ ಬಾಚುವುದು, ಸೀರೆ ಉಡಿಸುವುದು ಎಲ್ಲ ಅವರದೇ. ಇಂಥ ಸೊಸೆ ಸಿಗಬೇಕು ಎಂದು ಓಣಿಯವರೆಲ್ಲ ಹೊಗಳುತ್ತಿದ್ದರು. ಒಂದು ದಿನವಾದರೂ ಅತ್ತೆಯನ್ನು ಕೇಳಿ ಮಾಡಿದ್ದು ಮಾತ್ರ ಅವರಿಗೆ ನೆನಪಾಗಲಿಲ್ಲ.

ಉಪ್ಪಿಟ್ಟು ಆರಿ ತಣ್ಣಗಾದ ಮೇಲೆ ಬಟ್ಟಲು ಖಾಲಿಯಾಯಿತು. ಕಲ್ಯಾಣಮ್ಮ ತಾವೇ ಬಾಯಿ ಒರೆಸಿಕೊಂಡು, "ಈಕಿನ್ನ ಕಳಿಸವ್ವಾ, ಛಲೋ ಕಲ್ತಾಳ," ಎಂದರು. ಚಂದನಾ ಖುಷಿಗೆ ಅವರ ಕಾಲು ಮುಟ್ಟಿಬಿಟ್ಟಳು. ಅದಕ್ಕೂ ಮೊದಲು ಕೇಳಬೇಕಿತ್ತೇನೋ ಎಂದು ಮೂವರೂ ನಕ್ಕರು.

ಸಂಜೆ ಗೇಟಿನ ಹೊರಗೆ ಆಟೋ ನಿಂತಿತ್ತು. ಅತ್ತೆಯ ತೋಳಿಗೆ ಹೋದ ಗೀತಾಂಜಲಿಯ ಕೈ ಅರ್ಧಕ್ಕೇ ನಿಂತಿತು.

"ಅತ್ತೀ, ಹಿಡಕೊಳ್ಳಲೇನ್ರಿ?"

ಕಲ್ಯಾಣಮ್ಮ ಆಟೋದ ಮೆಟ್ಟಿಲನ್ನು ಅಳೆಯುವಂತೆ ನೋಡಿದರು. ಒಂದು ಕಾಲಿಟ್ಟು, ಎಡಗೈಯಿಂದ ಕಂಬಿ ಹಿಡಿದು ಜಗ್ಗಿ ನೋಡಿ, ಮತ್ತೆ ಕೆಳಗಿಳಿದರು.

"ಹಿಡಕೊಳವ್ವಾ," ಎಂದರು. "ಇದಕ್ಕ ನೀನು ಬೇಕು."