ಬಲಗಡೆಯ ಹೂ

"ಬಲಗಡೆ ಹೂ ಬಿದ್ರೆ ಆಪರೇಷನ್ನು, ಎಡಗಡೆ ಬಿದ್ರೆ ಬೇಡ. ಡಾಕ್ಟ್ರು ಏನಾದ್ರೂ ಅನ್ಲಿ, ನನಗೆ ದೇವರು ಹೇಳಿದ್ದೇ ಕೊನೆ, ಅಯ್ನೋರೆ," ಎಂದು ದೇವೀರಮ್ಮ ಗರ್ಭಗುಡಿಯ ಎದುರು ಕುಳಿತರು. ಹೊಟ್ಟೆಯಲ್ಲಿ ಗೆಡ್ಡೆಯಿತ್ತು. ಈ ವಾರವೇ ತೆಗೆಸದಿದ್ದರೆ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು.

ಅರ್ಚಕರು ಹೂವಿನ ತಟ್ಟೆ ಕೈಗೆತ್ತಿಕೊಂಡರು. ಹೋದ ವರ್ಷ ಇಂಥದೇ ಗೆಡ್ಡೆಗೆಂದು ಅವರು ತಮ್ಮ ಹೆಂಡತಿಗಾಗಿ ಹೂ ಕೇಳಿದ್ದರು. ಎಡಗಡೆಯದು ಬಿತ್ತು. ಆಸ್ಪತ್ರೆಗೆ ಕರೆದೊಯ್ಯಲಿಲ್ಲ, ಆಕೆ ಉಳಿಯಲಿಲ್ಲ. ಅಂದಿನಿಂದ ಅವರ ಕೈ ಪೂಜೆ ಮಾಡುತ್ತಿತ್ತು, ಅಷ್ಟೆ. ಮನಸ್ಸಿಗೆ ಏನೂ ತಟ್ಟುತ್ತಿರಲಿಲ್ಲ.

ಇವತ್ತು ಅವರು ದೇವರ ಎಡಭುಜಕ್ಕೆ ದಪ್ಪನಾಗಿ ಗಂಧ ಮೆತ್ತಿ ಹೂ ಅಂಟಿಸಿದರು. ಬಲಭುಜದ ಹೂವನ್ನು ಬರೀ ನೀರು ತಾಗಿಸಿ ಇಟ್ಟರು. ಮಂಗಳಾರತಿ ಮುಗಿಯುವಷ್ಟರಲ್ಲಿ ಬಲಗಡೆಯದು ಜಾರಿ ಬಿತ್ತು.

"ಅಪ್ಪಣೆ ಆಯ್ತಮ್ಮ. ನಾಳೆನೇ ಹೋಗಿ ಆಸ್ಪತ್ರೆಗೆ ಸೇರ್ಕೊಳ್ಳಿ."

ದೇವೀರಮ್ಮ ಹೂವನ್ನು ಕಣ್ಣಿಗೊತ್ತಿ ಸೆರಗಿನ ತುದಿಗೆ ಕಟ್ಟಿಕೊಂಡರು. ಕಂಬ ಹಿಡಿದು ಎದ್ದು ನಿಂತು, ಮೆಲ್ಲಗೆ ಹೇಳಿದರು:

"ನೀವು ಗಂಧ ಮೆತ್ತಿದ್ದು ಕಾಣಿಸ್ತು, ಅಯ್ನೋರೆ. ಆ ಬುದ್ಧಿ ನಿಮಗೆ ಕೊಟ್ಟೋನೂ ಅವನೇ ಅಲ್ವಾ."